ಎದುರಿಗೆ ಬಂದವರ ಸಹಿ

ಕೆ.ಆರ್. ಪುರದ ಬೆಂಗಳೂರು ಪೂರ್ವ ತಾಲ್ಲೂಕು ಕಚೇರಿಯ ಆಸುಪಾಸಿನ ಅಂಗಡಿಗಳ ಬೋರ್ಡು ಓದುತ್ತಾ ಹೋದರೆ ಜನ ಇಲ್ಲಿಗೆ ಏಕೆ ಬರುತ್ತಾರೆಂದು ಯಾರನ್ನೂ ಕೇಳಬೇಕಾಗಿಲ್ಲ. ಜೆರಾಕ್ಸ್, ಇ-ಸ್ಟಾಂಪ್, ಬಾಡಿಗೆ ಕರಾರು, ವಂಶವೃಕ್ಷ, ಅಫಿಡವಿಟ್, ಪಾಸ್‌ಪೋರ್ಟ್ ಸೈಜ್ ಫೋಟೊ, ಇವೆಲ್ಲದರ ಜೊತೆಗೆ ನೋಟರಿ. ಶಿವಾಜಿನಗರ, ಹಲಸೂರು, ಇಂದಿರಾನಗರ, ಮೇಯೊ ಹಾಲ್ ಕೋರ್ಟಿನ ಸುತ್ತಮುತ್ತ, ಎಲ್ಲಿ ಹೋದರೂ ಇದೇ ಬೋರ್ಡು. ಶಾಲೆಯ ದಾಖಲೆಯಲ್ಲಿ ಹೆಸರು ತಪ್ಪಿದ್ದರೆ, ಗ್ಯಾಸ್ ಸಂಪರ್ಕ ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಬರಬೇಕಿದ್ದರೆ, ಬಾಡಿಗೆ ಮನೆ ಹಿಡಿದಿದ್ದರೆ ಯಾವುದೋ ಒಂದು ಕೌಂಟರಿನಲ್ಲಿ ‘ನೋಟರಿ ಮಾಡಿಸಿಕೊಂಡು ಬನ್ನಿ’ ಎಂಬ ಮಾತು ಕೇಳಿಯೇ ಕೇಳುತ್ತೇವೆ. ನಗರದಲ್ಲಿ ಬದುಕುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಆ ದುಂಡನೆಯ ಮೊಹರಿನ ಮುಂದೆ ನಿಂತಿರುತ್ತಾರೆ. ಆದರೂ ಮೊಹರು ಹಿಡಿದವರು ಯಾರು, ಅವರ ಕೈಗೆ ಅದು ಬಂದದ್ದು ಹೇಗೆ, ಅದು ಬಿದ್ದ ಮೇಲೆ ಕಾಗದಕ್ಕೆ ಏನಾಗುತ್ತದೆ ಎಂಬುದನ್ನು ತಿಳಿದವರು ಕಡಿಮೆ. ಈಚೆಗೆ ಕಾನೂನು ಓದಿ ಹೊರಬರುವ ಹುಡುಗ ಹುಡುಗಿಯರಂತೂ ‘ನೋಟರಿ ಆಗೋದು ಹೇಗೆ?’ ಎಂದು ಕೇಳುತ್ತಲೇ ಇರುತ್ತಾರೆ. ನಿಯಮದ ಪುಸ್ತಕದಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಚಿಕ್ಕದು. ಆದರೆ ಆ ನಿಯಮಗಳು ಹಾಗೇಕಿವೆ ಎಂದು ತಿಳಿಯಲು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ನಿಯಮ. ನಮ್ಮಲ್ಲಿ ನೋಟರಿಗಳ ಕೆಲಸ ನಡೆಯುವುದು 1952ರ ನೋಟರಿಗಳ ಕಾಯ್ದೆ ಮತ್ತು 1956ರ ನೋಟರಿಗಳ ನಿಯಮಗಳ ಪ್ರಕಾರ. ನೇಮಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೂ ಇದೆ, ರಾಜ್ಯ ಸರ್ಕಾರಕ್ಕೂ ಇದೆ. ಆದ್ದರಿಂದಲೇ ಒಂದೇ ರಸ್ತೆಯಲ್ಲಿ ಒಬ್ಬರ ಸೀಲಿನ ಮೇಲೆ ಭಾರತ ಸರ್ಕಾರ ಎಂದೂ ಇನ್ನೊಬ್ಬರದರ ಮೇಲೆ ಕರ್ನಾಟಕ ಸರ್ಕಾರ ಎಂದೂ ಇರುತ್ತದೆ. ಎರಡಕ್ಕೂ ಬೆಲೆ ಒಂದೇ. ಅರ್ಜಿ ಹಾಕುವವರು ವಕೀಲರಾಗಿ ಕನಿಷ್ಠ 10 ವರ್ಷ ವೃತ್ತಿ ಮಾಡಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರಿಗೆ ಮತ್ತು ಮಹಿಳೆಯರಿಗೆ 7 ವರ್ಷ ಸಾಕು. ನ್ಯಾಯಾಂಗ ಸೇವೆಯಲ್ಲಿದ್ದವರಿಗೆ, ಕಾನೂನು ಜ್ಞಾನ ಬೇಡುವ ಕೆಲವು ಸರ್ಕಾರಿ ಹುದ್ದೆಗಳಲ್ಲಿದ್ದವರಿಗೆ ಬೇರೆ ದಾರಿ ಉಂಟು. ಆದರೆ ನಾವು ಬೀದಿಯಲ್ಲಿ ಕಾಣುವ ನೋಟರಿಗಳಲ್ಲಿ ಬಹುತೇಕರು ವಕೀಲಿಕೆಯಿಂದ ಬಂದವರೇ.

ಅಂದರೆ ಈ ದಾರಿ ಶುರುವಾಗುವುದು ಬಾರ್ ಕೌನ್ಸಿಲ್ ಬಾಗಿಲಲ್ಲಿ. ಕಾನೂನು ಪದವಿ ಮುಗಿಸಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಬೇಕು. ನೋಂದಣಿಗೆಂದು ಪರಿಷತ್ತುಗಳು ಮನಬಂದಂತೆ ಹಣ ಕೇಳುವುದಕ್ಕೆ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಕಡಿವಾಣ ಹಾಕಿತು. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಕಾಯ್ದೆಯಲ್ಲಿರುವ ಈ ಶುಲ್ಕಕ್ಕಿಂತ ಹೆಚ್ಚು ಪಡೆಯಬಾರದೆಂದು ಹೇಳಿತು. ಕೂಲಿ ಮಾಡುವವರ ಮನೆಯಿಂದ ಬಂದ ಹುಡುಗಿಗೆ ಈ ತೀರ್ಪಿನಿಂದ ಆದ ಉಪಕಾರ ಸಣ್ಣದಲ್ಲ. ಅಲ್ಲಿಂದಾಚೆಗೆ ಹಿರಿಯ ವಕೀಲರ ಕೈಕೆಳಗೆ, ಮೇಯೊ ಹಾಲಿನಲ್ಲೋ ಸಿಟಿ ಸಿವಿಲ್ ಕೋರ್ಟಿನಲ್ಲೋ ಮೆಟ್ಟಿಲು ಸವೆಸುವ ವರ್ಷಗಳು.

ಅವಧಿ ತುಂಬಿದ ಮೇಲೆ ನಿಗದಿತ ನಮೂನೆಯಲ್ಲಿ ಅರ್ಜಿ. ಅದಕ್ಕೆ ಬೇರೆಯವರ ಸಹಿಯೂ ಬೇಕೆನ್ನುವ ನಿಯಮದ ಪಟ್ಟಿಯನ್ನು ಗಮನಿಸಿ: ಒಬ್ಬ ಮ್ಯಾಜಿಸ್ಟ್ರೇಟ್, ಒಬ್ಬ ರಾಷ್ಟ್ರೀಕೃತ ಬ್ಯಾಂಕಿನ ಮ್ಯಾನೇಜರ್, ಒಬ್ಬ ವರ್ತಕ, ಜೊತೆಗೆ ಅರ್ಜಿದಾರರು ಕೆಲಸ ಮಾಡಬಯಸುವ ಪ್ರದೇಶದ ಇಬ್ಬರು ಗಣ್ಯ ನಿವಾಸಿಗಳು. ಅರ್ಜಿಯನ್ನು ತೂಗಿ ನೋಡುವಾಗಲೂ ಕೆಲವು ಪ್ರಶ್ನೆಗಳನ್ನು ನಿಯಮವೇ ಕೇಳಿಸುತ್ತದೆ. ಈ ವಕೀಲರು ಆ ಪ್ರದೇಶದಲ್ಲೇ ವಾಸವಿದ್ದಾರೆಯೇ? ಆ ಜಾಗದ ವಾಣಿಜ್ಯ ಮಹತ್ವ ಎಷ್ಟು, ಅಲ್ಲಿ ಈಗಾಗಲೇ ಎಷ್ಟು ನೋಟರಿಗಳಿದ್ದಾರೆ, ಇನ್ನೊಬ್ಬರು ಬೇಕೇ? ವಾಣಿಜ್ಯ ಕಾನೂನಿನಲ್ಲಿ ಇವರ ಅನುಭವ ಹೇಗಿದೆ? ಸಂದರ್ಶನ ಮಂಡಳಿಯ ಎದುರು ಕೂತವರು ಈ ಪ್ರಶ್ನೆಗಳಿಗೆ ತಯಾರಾಗಿರಬೇಕು. ಪ್ರತಿ ರಾಜ್ಯಕ್ಕೆ ಇಷ್ಟೇ ನೋಟರಿಗಳೆಂಬ ಮಿತಿಯೂ ಇರುವುದರಿಂದ ಅರ್ಹತೆ ಇದ್ದ ಮಾತ್ರಕ್ಕೆ ನೇಮಕ ಆಗಿಬಿಡುವುದಿಲ್ಲ. ಜಾಗ ಖಾಲಿ ಇರಬೇಕು, ಸರ್ಕಾರ ಅರ್ಜಿ ಕರೆಯಬೇಕು. ಕೇಂದ್ರದ ನೋಟರಿಗಳಿಗಾಗಿ 2024ರ ಸೆಪ್ಟೆಂಬರ್‌ನಲ್ಲಿ ಆನ್‌ಲೈನ್ ಪೋರ್ಟಲ್ ಶುರುವಾಗಿದೆ. ರಾಜ್ಯದ್ದು ವಿಧಾನಸೌಧದ ಕಾನೂನು ಇಲಾಖೆಯ ಮೂಲಕ ನಡೆಯುತ್ತದೆ.

ವಕೀಲರ ಅರ್ಜಿಗೆ ವರ್ತಕನ ಸಹಿ ಏಕೆ? ಬ್ಯಾಂಕ್ ಮ್ಯಾನೇಜರ್ ಏಕೆ? ಉತ್ತರ ನೋಟರಿಯ ಇತಿಹಾಸದಲ್ಲಿದೆ. ನೋಟರಿ ಹುಟ್ಟಿದ್ದೇ ವ್ಯಾಪಾರದಿಂದ. ಹುಂಡಿ, ಪ್ರಾಮಿಸರಿ ನೋಟು, ವಿನಿಮಯ ಪತ್ರ ಹಿಡಿದು ದೂರದ ಊರಿನ ವರ್ತಕನ ಹತ್ತಿರ ಹಣ ಕೇಳಿದಾಗ ಆತ ಕೊಡಲಿಲ್ಲವೆಂದರೆ, ಕೇಳಿದ್ದು ನಿಜ, ಕೊಡದಿದ್ದದ್ದೂ ನಿಜ ಎಂದು ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವನೊಬ್ಬ ಬರೆದುಕೊಡಬೇಕಿತ್ತು. ಆ ಮೂರನೆಯವನೇ ನೋಟರಿ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಅಂಥವರನ್ನು ನೇಮಿಸುವ ಅವಕಾಶವಿತ್ತು. ಆ ಸೆಕ್ಷನ್ನಿನ ಸಂಖ್ಯೆ 138. ಮುಂದೆ ನೋಟರಿಗಳಿಗೇ ಪ್ರತ್ಯೇಕ ಕಾಯ್ದೆ ಬಂದು ಆ ಸೆಕ್ಷನ್ ರದ್ದಾಯಿತು. ಖಾಲಿಯಾದ ಅದೇ ಸಂಖ್ಯೆಗೆ 1988ರ ತಿದ್ದುಪಡಿಯಲ್ಲಿ ಚೆಕ್ ಅಮಾನ್ಯದ ಅಪರಾಧವನ್ನು ತಂದು ಕೂರಿಸಿದರು. ಇವತ್ತು ಮೇಯೊ ಹಾಲಿನಲ್ಲಿ ದಿನವೂ ಕೂಗುವ ‘138 ಕೇಸು’ಗಳ ಸಂಖ್ಯೆ ಒಂದು ಕಾಲಕ್ಕೆ ನೋಟರಿಯದ್ದಾಗಿತ್ತು ಎಂಬುದು ಅಲ್ಲಿ ಓಡಾಡುವ ಎಷ್ಟೋ ಕಿರಿಯ ವಕೀಲರಿಗೆ ಗೊತ್ತಿರಲಿಕ್ಕಿಲ್ಲ.

1881 ಬೆಂಗಳೂರಿಗೂ ಮುಖ್ಯವಾದ ವರ್ಷ. ಆ ವರ್ಷ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿತು, ಆದರೆ ಬ್ರಿಟಿಷರ ದಂಡು ಪ್ರದೇಶವಾದ ಕಂಟೋನ್ಮೆಂಟ್ ಮರಳಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಹಲಸೂರು, ಈಗಿನ ಶಿವಾಜಿನಗರವಾದ ಬ್ಲಾಕ್‌ಪಲ್ಲಿ ಎಲ್ಲ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿದವು. ಬ್ರಿಟಿಷ್ ಇಂಡಿಯಾದ ಕಾನೂನುಗಳನ್ನು ಅಧಿಸೂಚನೆ ಹೊರಡಿಸಿ ಇಲ್ಲಿಗೆ ಅನ್ವಯಿಸುತ್ತಿದ್ದರು. ಪೇಟೆ ಕಡೆಯ ವರ್ತಕನಿಗೆ ಒಂದು ಆಡಳಿತ, ದಂಡಿನ ಕಡೆಯವನಿಗೆ ಇನ್ನೊಂದು. ಈ ಎರಡು ಊರುಗಳು ಒಂದಾದದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮೊದಲು.

ಬ್ರಿಟಿಷರ ಕಾಲದಲ್ಲಿ ನೋಟರಿಯ ಪೂರ್ಣ ಅಧಿಕಾರ ಬೇಕೆಂದರೆ ಇಂಗ್ಲೆಂಡಿನಿಂದ ಬರಬೇಕಿತ್ತು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಹೆಸರಿನಲ್ಲಿ ನಡೆಯುವ ಫ್ಯಾಕಲ್ಟಿ ನ್ಯಾಯಾಲಯ, ಎಂಟನೆಯ ಹೆನ್ರಿಯ ಕಾಲದ ಕಾನೂನಿನ ಬಲದಿಂದ, ಭಾರತದ ನೋಟರಿಗಳಿಗೂ ಅಧಿಕಾರ ಕೊಡುತ್ತಿತ್ತು. ಇಲ್ಲಿನ ಸಹಿಗೆ ಅಲ್ಲಿನ ಚರ್ಚಿನ ಅಪ್ಪಣೆ! ಗಣರಾಜ್ಯವಾದ ಮೇಲೆ ಅದು ನಡೆಯುವಂಥದ್ದಾಗಿರಲಿಲ್ಲ. 1952ರ ಕಾಯ್ದೆ ತಂದ ಕಾರಣಗಳಲ್ಲಿ ಇದೂ ಒಂದು. ಆ ಕಾಯ್ದೆ ಜಾರಿಗೆ ಬಂದದ್ದು 1956ರ ಫೆಬ್ರುವರಿ 14ರಂದು.

ಈಗ ಸೀಲಿನ ಮಾತು. ನಿಯಮ ಅದರ ಅಳತೆಯನ್ನೂ ಹೇಳಿದೆ: ದುಂಡನೆಯ ಸಾದಾ ಸೀಲು, ವ್ಯಾಸ 5 ಸೆಂಟಿಮೀಟರ್. ಅದರಲ್ಲಿ ನೋಟರಿಯ ಹೆಸರು, ಯಾವ ಪ್ರದೇಶಕ್ಕೆ ನೇಮಕ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರದ ಹೆಸರು ಇರಬೇಕು. ಕೆ.ಆರ್. ಪುರದ ಪ್ರದೇಶಕ್ಕೆ ನೇಮಕವಾದವರು ಬೇರೆ ತಾಲ್ಲೂಕಿಗೆ ಹೋಗಿ ಸೀಲು ಒತ್ತುವಂತಿಲ್ಲ. ಆದರೆ ತಮ್ಮ ಪ್ರದೇಶದಲ್ಲಿ ಅವರು ದೃಢೀಕರಿಸಿದ ಕಾಗದ ದೇಶದ ಬೇರೆ ಕಡೆಯೂ ನಡೆಯುತ್ತದೆ.

ಸೀಲಿಗಿಂತ ದೊಡ್ಡದು ರಿಜಿಸ್ಟರು. ಸೀಲನ್ನು ಯಾರು ಬೇಕಾದರೂ ಮಾಡಿಸಿಬಿಡಬಹುದು. ರಿಜಿಸ್ಟರನ್ನು ದಿನದಿನವೂ ಬರೆದೇ ಬೆಳೆಸಬೇಕು. ಕ್ರಮ ಸಂಖ್ಯೆ, ದಿನಾಂಕ, ಮಾಡಿದ ಕೆಲಸ ಯಾವುದು, ಬಂದವರ ಹೆಸರು ಮತ್ತು ಪೂರ್ತಿ ವಿಳಾಸ, ಪಡೆದ ಶುಲ್ಕ, ರಸೀದಿ ಸಂಖ್ಯೆ, ಕೊನೆಗೆ ಬಂದವರ ಸಹಿ, ನೋಟರಿಯ ಸಹಿ. ನಿಮ್ಮ ಅಫಿಡವಿಟ್ಟಿನ ಮೇಲೆ ಸೀಲು ಬಿದ್ದು, ಆ ಪುಸ್ತಕದಲ್ಲಿ ನಿಮ್ಮ ಸಹಿ ಪಡೆಯಲಿಲ್ಲವೆಂದರೆ ಅಲ್ಲೇ ನಿಂತು ಕೇಳಿ. ನಾಳೆ ಯಾರಾದರೂ ‘ಈ ಸಹಿ ನನ್ನದಲ್ಲ’ ಎಂದು ಕೋರ್ಟಿನಲ್ಲಿ ತಕರಾರು ತೆಗೆದರೆ ನೋಟರಿಯನ್ನು ಸಾಕ್ಷಿಕಟ್ಟೆಗೆ ಕರೆಸುತ್ತಾರೆ. ಐದು ವರ್ಷದ ಹಿಂದೆ ಬಂದ ಮುಖ ನೆನಪಿರಲು ಯಾರಿಗೂ ಸಾಧ್ಯವಿಲ್ಲ. ಆಗ ಮಾತಾಡುವುದು ಆ ಒಂದು ಸಾಲು. ಜಿಲ್ಲಾ ನ್ಯಾಯಾಧೀಶರಿಗೆ ಆ ಪುಸ್ತಕ ತಪಾಸಣೆ ಮಾಡುವ ಅಧಿಕಾರವಿದೆ; ಪ್ರತಿ ಜನವರಿ ಮೊದಲ ವಾರ ಹಿಂದಿನ ವರ್ಷದ ಕೆಲಸದ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಶುಲ್ಕದ ಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ಕಾಣುವಂತೆ ಹಾಕಬೇಕೆಂಬ ನಿಯಮವೂ ಇದೆ. ಆ ಪಟ್ಟಿ ಕಾಣುವ ಕಚೇರಿಗಳು ಎಷ್ಟೆಂದು ಓದುಗರೇ ಮುಂದಿನ ಸಲ ಹೋದಾಗ ನೋಡಲಿ.

ಶಿವಾಜಿನಗರದ ಒಂದು ಚಿಕ್ಕ ಕಚೇರಿಯಲ್ಲಿ ಕಂಡದ್ದನ್ನು ಹೇಳಬೇಕು. ವಯಸ್ಸಾದ ತಾಯಿಯೊಬ್ಬರು ಮಗನ ಜೊತೆ ಬಂದಿದ್ದರು. ಮನೆಯ ಪತ್ರದಲ್ಲಿ ಅವರ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಎರಡೂ ಒಬ್ಬರದೇ ಎಂದು ಪ್ರಮಾಣ ಮಾಡುವ ಅಫಿಡವಿಟ್ ಅದು. ಇಂಗ್ಲಿಷಿನಲ್ಲಿ ಟೈಪಾಗಿ, ಇ-ಸ್ಟಾಂಪ್ ಕಾಗದದ ಮೇಲೆ ಅಚ್ಚುಕಟ್ಟಾಗಿ ಬಂದಿತ್ತು. ಮಗ ‘ಬೇಗ ಸೈನ್ ಹಾಕಿಬಿಡಿ ಮೇಡಂ, ಮೂರು ಗಂಟೆಗೆ ಆಫೀಸಿದೆ’ ಎಂದ. ನೋಟರಿ ಅವನನ್ನು ಸ್ವಲ್ಪ ಸುಮ್ಮನಿರಲು ಹೇಳಿ, ತಾಯಿಯ ಕಡೆ ತಿರುಗಿ, ಕಾಗದದ ಒಂದೊಂದು ಸಾಲನ್ನೂ ದಖನಿಯಲ್ಲಿ ಹೇಳುತ್ತಾ ಹೋದರು. ಮೂರನೆಯ ಸಾಲಿಗೆ ಆ ತಾಯಿ ಕೈ ಎತ್ತಿದರು. ಗಂಡನ ಹೆಸರೆಂದು ಬರೆದಿದ್ದದ್ದು ಅವರ ಮಾವನ ಹೆಸರು. ಹಳೆಯ ಪತ್ರ ನೋಡಿ ಟೈಪು ಮಾಡಿದವರು ಯಾವುದೋ ಸಾಲನ್ನು ಎತ್ತಿ ಇನ್ನೆಲ್ಲೋ ಇಟ್ಟಿದ್ದರು. ನೋಟರಿ ಕಾಗದ ಹಿಂದಿರುಗಿಸಿ, ಸರಿಪಡಿಸಿ ತರಲು ಹೇಳಿದರು. ಮಗನ ಮುಖದ ಮೇಲೆ ಬೇಸರ. ತಾಯಿ ಮಾತ್ರ ಹಾಯಾಗಿ ಬೆಂಚಿನ ಮೇಲೆ ಕೂತು ಕಾದರು. ಎರಡನೆಯ ಸಲ ಮತ್ತೆ ಎಲ್ಲ ಸಾಲೂ ಓದಿಯೇ ಅವರ ಹೆಬ್ಬೆಟ್ಟು ಪಡೆದದ್ದು, ರಿಜಿಸ್ಟರಿನಲ್ಲೂ ಪಡೆದದ್ದು.

10 ವರ್ಷದ ಅನುಭವ ಬೇಕೆನ್ನುವುದು ಈ ಹದಿನೈದು ನಿಮಿಷಕ್ಕಾಗಿ. ಕಂಟೋನ್ಮೆಂಟಿನ ಒಂದೇ ಬೀದಿಯಲ್ಲಿ ಕನ್ನಡ, ದಖನಿ, ತಮಿಳು, ತೆಲುಗು ಮಾತಾಡುವ ಮನೆಗಳಿವೆ. ಕಾಗದ ಮಾತ್ರ ಬಹುತೇಕ ಇಂಗ್ಲಿಷಿನಲ್ಲೇ ಹುಟ್ಟುತ್ತದೆ. ಪ್ರಮಾಣ ಮಾಡುವವರಿಗೆ ತಾವು ಏನು ಪ್ರಮಾಣ ಮಾಡುತ್ತಿದ್ದೇವೆಂಬುದು ಅವರ ಮಾತಿನಲ್ಲಿ ತಿಳಿಯದಿದ್ದರೆ ಅದು ಪ್ರಮಾಣವೇ ಅಲ್ಲ. ಆದ್ದರಿಂದ ನೋಟರಿ ಆಗಬೇಕೆನ್ನುವ ಕಿರಿಯರಿಗೆ ನನ್ನದೊಂದು ಕೋರಿಕೆ: ಈ ವರ್ಷಗಳಲ್ಲಿ ಕಾನೂನಿನ ಜೊತೆಗೆ ನಿಮ್ಮ ಬೀದಿಯ ಭಾಷೆಗಳನ್ನೂ ಕಲಿಯಿರಿ. ಕನ್ನಡದಲ್ಲಿ ಅಫಿಡವಿಟ್ ಬರೆಯುವುದನ್ನೂ ರೂಢಿಸಿಕೊಳ್ಳಿ; ರಾಜ್ಯದ ಭಾಷೆಯ ದಾಖಲೆಗೆ ನೋಟರಿಯ ಮುಂದೆ ಯಾವ ಅಡ್ಡಿಯೂ ಇಲ್ಲ.

ಮೊಹರು ಏನು ಮಾಡುವುದಿಲ್ಲ ಎಂಬುದನ್ನು ಜನ ತಿಳಿಯದೆ ಬಹಳ ಕಳೆದುಕೊಂಡಿದ್ದಾರೆ. ನೋಟರಿಯ ಸಹಿ ಕಾಗದದಲ್ಲಿ ಬರೆದದ್ದೆಲ್ಲ ಸತ್ಯವೆಂದು ಹೇಳುವುದಿಲ್ಲ. ಇಂಥ ದಿನ, ಇಂಥ ವ್ಯಕ್ತಿ, ತನ್ನ ಎದುರು ಬಂದು, ಇದಕ್ಕೆ ಸಹಿ ಹಾಕಿದರು ಅಥವಾ ಪ್ರಮಾಣ ಮಾಡಿದರು ಎಂಬಷ್ಟನ್ನೇ ಅದು ಹೇಳುತ್ತದೆ. ಕೆ.ಆರ್. ಪುರ, ಮಹದೇವಪುರದ ಕಡೆ ಹೊಲಗಳು ರೆವಿನ್ಯೂ ಸೈಟುಗಳಾದ ಕಾಲದಲ್ಲಿ ಎಷ್ಟೋ ಸಂಸಾರಗಳು ಒಂದು ಕ್ರಯದ ಕರಾರು, ಒಂದು ಜಿಪಿಎ ಎಂಬ ಸಾಮಾನ್ಯ ಅಧಿಕಾರಪತ್ರ, ಅದರ ಮೇಲೊಂದು ನೋಟರಿ ಸೀಲು, ಇಷ್ಟನ್ನೇ ನಂಬಿ ಜೀವಮಾನದ ಉಳಿತಾಯ ಸುರಿದವು. ಜಿಪಿಎ ಮೂಲಕ ಮಾಡುವ ಇಂಥ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿತು. ನೋಂದಣಿಯಾಗಬೇಕಾದ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ನೋಂದಣಿಯಾಗಬೇಕು. ಎಷ್ಟು ಸೀಲು ಒತ್ತಿದರೂ ನೋಟರಿ ಅದರ ಜಾಗ ತುಂಬಲಾರರು. ಒಂದು ವರ್ಷ ಮೀರುವ ಬಾಡಿಗೆ ಕರಾರಿಗೂ ಇದೇ ಮಾತು. ನಮ್ಮ ಕರಾರುಗಳೆಲ್ಲ 11 ತಿಂಗಳಿಗೆ ನಿಲ್ಲುವ ಗುಟ್ಟೂ ಇದೇ.

ಇನ್ನೊಂದು ಸೂಕ್ಷ್ಮವೂ ಇದೆ. ಇಂದಿರಾನಗರದಲ್ಲಿರುವ ಅಪ್ಪ, ತನ್ನ ಪರವಾಗಿ ಪತ್ರವನ್ನು ನೋಂದಣಿಗೆ ಹಾಜರುಪಡಿಸಲು ಮಗಳಿಗೆ ಅಧಿಕಾರ ಕೊಡಬೇಕೆಂದರೆ, ನೋಂದಣಿ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ಆ ಅಧಿಕಾರಪತ್ರ ಸಬ್ ರಿಜಿಸ್ಟ್ರಾರ್ ಮುಂದೆಯೇ ದೃಢವಾಗಬೇಕು. ಅದೇ ಅಪ್ಪ ಅಮೆರಿಕದಲ್ಲಿದ್ದರೆ ಅಲ್ಲಿನ ನೋಟರಿಯ ಮುಂದೆ ಮಾಡಬಹುದು. ಹಾಗೆ ಹೊರದೇಶದಿಂದ ಬಂದ ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ವೈಟ್‌ಫೀಲ್ಡಿನ ಫ್ಲ್ಯಾಟು ಮಾರಲು ಹೊರಟ ಎಷ್ಟೋ ಮಕ್ಕಳು ಈ ಗಡುವು ತಪ್ಪಿಸಿಕೊಂಡು ಪರದಾಡುತ್ತಾರೆ.

ಅಮೆರಿಕದ ಮಾತು ಬಂದದ್ದರಿಂದ ಹೇಳುತ್ತೇನೆ, ಅಲ್ಲಿ ನೋಟರಿ ಆಗಲು ವಕೀಲರಾಗಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆರು ಗಂಟೆಯ ತರಗತಿ, ಒಂದು ಪರೀಕ್ಷೆ, 15,000 ಡಾಲರಿನ ಬಾಂಡು. ನಾಲ್ಕು ವರ್ಷದ ಅಧಿಕಾರ ಸಿಗುತ್ತದೆ. ಬ್ಯಾಂಕಿನ ಗುಮಾಸ್ತರೋ ಪಾರ್ಸೆಲ್ ಅಂಗಡಿಯವರೋ ಸೀಲು ಹಾಕಿಕೊಡುತ್ತಾರೆ. ಫ್ರಾನ್ಸ್, ಇಟಲಿಗಳಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿನ ನೋಟರಿ ಆಸ್ತಿ ಪತ್ರಗಳನ್ನು ತಾನೇ ಬರೆದು ಕಾಪಿಡುವ ದೊಡ್ಡ ಅಧಿಕಾರಿ. ನಾವು ನಡುವೆ ಎಲ್ಲೋ ನಿಂತಿದ್ದೇವೆ. ಅನುಭವಿ ವಕೀಲರನ್ನೇ ಆರಿಸುತ್ತೇವೆ, ಆದರೆ ಅವರಿಂದ ಕೇಳುವುದು ಬಹುಮಟ್ಟಿಗೆ ಒಂದು ಸಹಿ.

ಮದುವೆಯ ವಿಷಯದಲ್ಲಿ ಆಗುವ ಅನಾಹುತ ಇನ್ನೂ ಹೆಚ್ಚಿನದು. ಮನೆಯವರ ವಿರೋಧದಿಂದ ಓಡಿಬಂದ ಹುಡುಗ ಹುಡುಗಿಗೆ ಅಫಿಡವಿಟ್ ಮಾಡಿಸಿ ‘ನೋಟರಿ ಮದುವೆ’ ಎಂದು ಕಳಿಸುವವರಿದ್ದಾರೆ. ನೋಟರಿಗಳು ವಿವಾಹಾಧಿಕಾರಿಗಳಲ್ಲ, ಮದುವೆಯ ಅಥವಾ ವಿಚ್ಛೇದನದ ಪತ್ರ ಮಾಡಿಕೊಡುವ ಅಧಿಕಾರ ಅವರಿಗಿಲ್ಲ ಎಂದು ಕೇಂದ್ರ ಕಾನೂನು ವ್ಯವಹಾರಗಳ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಬರೆದೇ ತಿಳಿಸಿತು. ಧರ್ಮ ಬೇರೆಯಾದ ಜೋಡಿಗೆ 1954ರ ವಿಶೇಷ ವಿವಾಹ ಕಾಯ್ದೆಯಿದೆ, ನೋಟಿಸು ಕೊಟ್ಟು 30 ದಿನ ಕಾಯಬೇಕು. ಆ ಕಾಯುವಿಕೆ ಕಷ್ಟದ್ದೇ. ಆದರೂ ಬೆಲೆಯಿಲ್ಲದ ಕಾಗದವನ್ನು ಮದುವೆಯೆಂದು ಕೈಗಿಟ್ಟು ಹುಡುಗಿಯ ಬದುಕಿಗೆ ಹೊಣೆಯಿಲ್ಲದಂತೆ ಮಾಡುವುದು ಅದಕ್ಕಿಂತ ಕ್ರೂರ.

ಈ ವೃತ್ತಿಗೆ ಅಂಟಿದ ದೊಡ್ಡ ರೋಗವೆಂದರೆ ಎದುರಿಗೆ ಯಾರೂ ಬಾರದಿದ್ದರೂ ಸೀಲು ಬೀಳುವುದು. ‘ಆಧಾರ್ ಕಾಪಿ ಕೊಡಿ, ಸಂಜೆ ಬಂದು ತಗೊಂಡು ಹೋಗಿ’ ಎನ್ನುವ ಅಂಗಡಿಗಳಲ್ಲಿ ಸೀಲು ಯಾರ ಕೈಯಲ್ಲಿದೆ ಎಂದು ಕೇಳುವವರಿಲ್ಲ. ನಮಗೂ ಅವಸರ, ಅವರಿಗೂ ಅವಸರ. ಕರ್ನಾಟಕ ಒಮ್ಮೆ ಇದರ ಇನ್ನೊಂದು ಮುಖ ಕಂಡಿದೆ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಬಯಲಾದಾಗ ಸರ್ಕಾರದ ಕಾಗದವನ್ನೇ ನಂಬುವಂತಿರಲಿಲ್ಲ. 2008ರ ಹೊತ್ತಿಗೆ ಇಲ್ಲಿ ಇ-ಸ್ಟಾಂಪಿಂಗ್ ಬಂತು. ಪ್ರತಿ ಕಾಗದಕ್ಕೂ ಒಂದು ಸಂಖ್ಯೆ, ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. 2024ರಲ್ಲಿ ಅಫಿಡವಿಟ್ಟಿನ ಮುದ್ರಾಂಕ ಶುಲ್ಕ 20 ರೂಪಾಯಿಯಿಂದ 100ಕ್ಕೂ ಏರಿತು. ಹೀಗೆ ಕಾಗದಕ್ಕೆ ಕಾವಲು ಬಂತು. ಆದರೆ ಆ ಕಾಗದಕ್ಕೆ ಸಹಿ ಹಾಕಿದವರು ನಿಜಕ್ಕೂ ಎದುರಿಗೆ ಬಂದಿದ್ದರೇ ಎಂಬುದನ್ನು ಯಾವ ಸಂಖ್ಯೆಯೂ ಹೇಳಲಾರದು. ಅದನ್ನು ನೋಟರಿ ಒಬ್ಬರೇ ಹೇಳಬಲ್ಲರು, ರಿಜಿಸ್ಟರು ಪ್ರಾಮಾಣಿಕವಾಗಿದ್ದರೆ.

ದುರ್ನಡತೆ ಸಾಬೀತಾದರೆ ನೋಟರಿಯ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ ಸರ್ಕಾರಕ್ಕಿದೆ; ನಿಗದಿತ ನಮೂನೆಯಲ್ಲಿ ಯಾರು ಬೇಕಾದರೂ ದೂರು ಕೊಡಬಹುದು. ಕೊಡುವವರು ವಿರಳ. ತಮ್ಮ ಕೆಲಸವೂ ಅದೇ ಅವಸರದಲ್ಲಿ ಆಗಿರುತ್ತದಲ್ಲ.

ಸಂಪಾದನೆ ಎಷ್ಟೆಂದು ಕೇಳುವವರಿಗೆ: ನಿಯಮದ ಶುಲ್ಕಕ್ಕೇ ಬದ್ಧರಾದರೆ ಇದರಿಂದ ಶ್ರೀಮಂತಿಕೆ ಬರುವುದಿಲ್ಲ. ಸರ್ಕಾರಿ ಕಚೇರಿಗಳು ಅಫಿಡವಿಟ್ ಬಿಟ್ಟು ಸ್ವಯಂ ದೃಢೀಕರಣ ಒಪ್ಪಬೇಕೆಂದು ಕೇಂದ್ರ 2014ರಲ್ಲಿ ಸೂಚಿಸಿದ ಮೇಲೆ ಕೆಲವು ಬಗೆಯ ಕೆಲಸ ಕಡಿಮೆಯೂ ಆಗಬೇಕಿದೆ. ಬಡವರ ಮಟ್ಟಿಗೆ ಅದು ಒಳ್ಳೆಯದೇ. ವಕೀಲಿಕೆ ಮುಂದುವರಿಸುತ್ತಲೇ ನೋಟರಿ ಆಗಿರಬಹುದಾದ್ದರಿಂದ ಹೊಟ್ಟೆಪಾಡಿಗೆ ಇದೊಂದನ್ನೇ ನಂಬಬೇಕಿಲ್ಲ. ಪ್ರಮಾಣಪತ್ರದ ಅವಧಿ 5 ವರ್ಷ, ನವೀಕರಣದ ಅರ್ಜಿಯನ್ನು ಮುಗಿಯುವ ಆರು ತಿಂಗಳು ಮೊದಲೇ ಸಲ್ಲಿಸಬೇಕು. ಒಬ್ಬರು ಒಟ್ಟು 15 ವರ್ಷಕ್ಕಿಂತ ಹೆಚ್ಚು ನೋಟರಿ ಆಗಿರಬಾರದು, ಕಿರಿಯರಿಗೂ ಜಾಗ ಸಿಗಬೇಕು ಎಂಬ ತಿದ್ದುಪಡಿಯ ಕರಡನ್ನು ಕೇಂದ್ರ 2021ರ ಕೊನೆಯಲ್ಲಿ ಚರ್ಚೆಗೆ ಇಟ್ಟಿತ್ತು. ನನಗೆ ಅದು ನ್ಯಾಯವಾದ ಸಲಹೆಯೆನಿಸುತ್ತದೆ.

ನೇಮಕದ ಪತ್ರ ಕೈಗೆ ಬಂದ ದಿನ ಮಾಡಬೇಕಾದ ಮೊದಲ ಕೆಲಸವನ್ನೂ ನಿಯಮವೇ ಹೇಳಿದೆ. ಹೊಸ ರಿಜಿಸ್ಟರಿನ ಮೊದಲ ಹಾಳೆಯಲ್ಲಿ, ಅದರಲ್ಲಿ ಒಟ್ಟು ಎಷ್ಟು ಪುಟಗಳಿವೆಯೆಂದು ಬರೆದು ದೃಢೀಕರಿಸಬೇಕು. ಮಧ್ಯೆ ಒಂದು ಹಾಳೆ ಕಿತ್ತರೂ, ಒಂದು ಸೇರಿಸಿದರೂ ಗೊತ್ತಾಗುವಂತೆ. ಬೋರ್ಡು, ವಿಸಿಟಿಂಗ್ ಕಾರ್ಡು, ಪೇಟೆಯಲ್ಲಿ ಸೀಲಿನ ಆರ್ಡರು, ಇವೆಲ್ಲ ಆಮೇಲೆ.